ಗೋಡೆಗೆ ಮುಖ ಮಾಡಿ ಓದುವವರು

ಕಳೆದ ವಾರ ಮುಕಿಲ್ಟಿಯೊ ಬಂದರಿನಲ್ಲಿ, ಕಾರು ಸಮೇತ ಆಚೆ ದಡಕ್ಕೆ ದಾಟಿಸುವ ಫೆರಿಗಾಗಿ ಕಾರುಗಳ ಸಾಲಿನಲ್ಲಿ ಕಾಯುತ್ತಿದ್ದಾಗ ಪಕ್ಕದ ಕಾರಿನಿಂದ ಒಂದು ವಾಸನೆ ಬಂತು. ನೀಲಗಿರಿ ಎಣ್ಣೆ, ಕರ್ಪೂರ, ಪುದೀನ ಎಲ್ಲ ಕಲಸಿದಂಥದ್ದು. ಯಾರೋ ಕಣತಲೆಗೆ ಹಚ್ಚಿಕೊಳ್ಳುತ್ತಿದ್ದರು. ನಾನು ಗಾಜು ಇನ್ನಷ್ಟು ಇಳಿಸಿದೆ, ಆಮೇಲೆ ಏರಿಸಿಬಿಟ್ಟೆ. ಒಂದು ವಾಸನೆಯಿಂದ ಇಡೀ ಒಂದು ಕಾಲ ಎದ್ದು ಬಂತು ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ನನಗೆ ಎದ್ದು ಬಂದದ್ದು ಒಂದು ಸಿಮೆಂಟ್ ಗೋಡೆ, ಅದರ ಮುಂದೆ ನಿಂತ ಒಂದು ಬೆನ್ನು, ಅಷ್ಟೆ. ಉಳಿದದ್ದನ್ನು ಆಮೇಲೆ ಫೆರಿಯಲ್ಲಿ ಕಾಫಿ ಹಿಡಿದು ಕೂತಾಗ ಒಂದೊಂದಾಗಿ ತಂದು ಜೋಡಿಸಿದೆ. ಜೋಡಿಸಿದ್ದು ಎಂಬ ಮಾತನ್ನು ಓದುವವರು ಮರೆಯಬಾರದು.

ಆ ಗೋಡೆಯನ್ನು ನೋಡಿದ ವರ್ಷ ನಾನು ಅಮೆರಿಕದ ಈಸ್ಟ್‌ಗೇಟಿನಲ್ಲಿ, ಹೆದ್ದಾರಿಯ ಪಕ್ಕದ ಒಂದು ಕಾಲೇಜಿನಲ್ಲಿ, ಇಂಗ್ಲಿಷ್ ಅಭ್ಯಾಸದ ಕೋಣೆಯನ್ನು ನೋಡಿಕೊಳ್ಳುತ್ತಿದ್ದೆ. ಪಾಠ ಹೇಳುವವಳು ಡೆಬ್ರಾ. ನಾನು ಮಧ್ಯಾಹ್ನ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಪದಗಳನ್ನು ಕೇಳುವುದು, ಓದಿಸುವುದು, ಅನುವಾದ ಮಾಡಿಸುವುದು. ಶರತ್ಕಾಲದ ಆ ಒಂದು ಟರ್ಮಿಗೆ ಚೀನಾದ ಒಂದು ವಿಶ್ವವಿದ್ಯಾಲಯದಿಂದ ಒಂದು ತಂಡ ಬಂತು. ಟರ್ಮ್ ಮುಗಿದಾಗ ಬಿ ಗ್ರೇಡ್ ಅಥವಾ ಅದಕ್ಕಿಂತ ಮೇಲೆ ಬಂದವರು ಇಲ್ಲೇ ಉಳಿದು ಡಿಗ್ರಿ ಮುಗಿಸಬಹುದು. ಉಳಿದವರು ವಾಪಸ್ಸು ಹೋಗಬೇಕು. ಉಳಿಯಲೇಬೇಕು ಎಂದುಕೊಂಡು ಬಂದವಳು ಯುವೆ. ಉಳಿಯುವ ಯೋಚನೆಯೇ ಇಲ್ಲದೆ ಬಂದವನು ಹಾವೊ. ಇಬ್ಬರೂ ಒಂದೇ ಊರಿನವರಲ್ಲ. ಅಲ್ಲಿ ಒಬ್ಬರಿಗೊಬ್ಬರು ಪರಿಚಯವೂ ಇರಲಿಲ್ಲವಂತೆ. ಈ "ಅಂತೆ" ಮುಂದೆ ಮುಖ್ಯವಾಗುತ್ತದೆ.

ಮೊದಲ ದಿನವೇ ಯುವೆ ಕೈ ಎತ್ತಿ ಕೇಳಿದಳು: "ಟೀಚರ್, ನೀವು ಅಮೆರಿಕದವರಾ?"

"ಇಲ್ಲ. ಮೈಸೂರು. ಇಂಡಿಯಾ."

ಹಿಂದಿನಿಂದ ಹಾವೊ ಹೇಳಿದ: "ಇಷ್ಟು ದೂರ ಬಂದು ಇಂಡಿಯಾ ಇಂಗ್ಲಿಷ್. ನಮ್ಮಪ್ಪನಿಗೆ ಗೊತ್ತಾಗೋದು ಬೇಡ."

"ಬೇಕಾದರೆ ಡೆಬ್ರಾ ಹತ್ತಿರ ಹೋಗಪ್ಪ," ಎಂದೆ.

"ಬೇಡ ಟೀಚರ್. ಅವರ ಮಾತು ಅರ್ಥ ಆಗಲ್ಲ. ನಿಮ್ಮದು ಆಗುತ್ತೆ. ಅದೇ ನನಗೆ ಭಯ."

ಎಲ್ಲರೂ ನಕ್ಕರು. ಯುವೆ ನಗಲಿಲ್ಲ. ನಾನು ಬೋರ್ಡಿನ ಮೇಲೆ ಬರೆದ ಪದವೊಂದನ್ನು ಅವಳು ಬೆಂಚಿನ ಕೆಳಗೆ ಫೋನ್ ಹಿಡಿದು ಪರೀಕ್ಷಿಸಿದ್ದನ್ನು ನೋಡಿದೆ. ನನ್ನ ಕಾಗುಣಿತ ಸರಿ ಇತ್ತು. ಅವಳು ಫೋನನ್ನು ಒಳಗಿಟ್ಟಳು.

ಹೀಗೆ ಅವಳಿಗೆ ನನ್ನ ಮೇಲೆ ಅನುಮಾನ, ನನಗೆ ಅವಳ ಫೋನಿನ ಮೇಲೆ ಅನುಮಾನ, ಡೆಬ್ರಾಗೆ ಎಲ್ಲರ ಮೇಲೂ. ಅವಳನ್ನು ದೂರಿ ಫಲವಿಲ್ಲ. ಕೇಳಿದ್ದನ್ನು ಕ್ಷಣದಲ್ಲಿ ಬರೆದುಕೊಡುವ ಯಂತ್ರಗಳು ಬಂದು ಆಗಲೇ ಸ್ವಲ್ಪ ಕಾಲವಾಗಿತ್ತು. ಕಾಲೇಜಿನಲ್ಲಿ ಒಳ್ಳೆಯ ವಾಕ್ಯವೇ ಕಳ್ಳತನದ ಗುರುತಾಗಿತ್ತು. ಯಾರಾದರೂ ಅರ್ಧವಿರಾಮ ಚಿಹ್ನೆಯನ್ನು ಸರಿಯಾದ ಕಡೆ ಹಾಕಿದರೆ ಡೆಬ್ರಾ, ನಾನು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ಕಾರು ನಿಲ್ಲಿಸುವ ಕಟ್ಟಡದ ಹಿಂದೆ ಎತ್ತರದ ಒಂದು ಗೋಡೆ, ಗೋಡೆಯಾಚೆ ಹೆದ್ದಾರಿ. ಬೆಳಿಗ್ಗೆ ತರಗತಿಗೆ ಮುಂಚೆ ಚೀನಾದಿಂದ ಬಂದವರು ಅಲ್ಲಿ ದೂರ ದೂರ ನಿಂತು, ಗೋಡೆಗೆ ಮುಖ ಮಾಡಿ, ಗಟ್ಟಿಯಾಗಿ ಇಂಗ್ಲಿಷ್ ಓದುತ್ತಿದ್ದರು. ಅವರ ಕಡೆ ಶಾಲೆಯಿಂದಲೇ ಇರುವ ರೂಢಿಯಂತೆ. ಅಕ್ಟೋಬರಿನಲ್ಲಿ ಇಲ್ಲಿ ಸುರಿಯುವುದನ್ನು ಮಳೆ ಎನ್ನಬಾರದು, ಅದು ಗಾಳಿಯಲ್ಲಿ ನಿಂತ ಒದ್ದೆ. ಆ ಒದ್ದೆಯಲ್ಲಿ ಜಾಕೆಟ್ಟಿನ ಟೋಪಿ ಎಳೆದುಕೊಂಡು, ನಿದ್ದೆ ಬರದಿರಲೆಂದು ಅದೇ ಕರ್ಪೂರದ ವಾಸನೆಯ ಹಸಿರು ಎಣ್ಣೆಯನ್ನು ಕಣತಲೆಗೆ ಉಜ್ಜಿಕೊಂಡು ಓದುತ್ತಿದ್ದರು. ಲಾರಿಗಳ ಸದ್ದಿಗಿಂತ ಮೇಲೆ ದನಿ ಎತ್ತಬೇಕು. ಯಾರೋ ಕಾಲ್ ಮಾಡಿ ಗೋಡೆಯ ಹತ್ತಿರ ಜನ ತಮ್ಮಷ್ಟಕ್ಕೆ ತಾವೇ ಕೂಗಾಡುತ್ತಿದ್ದಾರೆ ಎಂದು ದೂರು ಕೊಟ್ಟರು. ಸೆಕ್ಯುರಿಟಿಯವನು ನನ್ನನ್ನು ಕರೆದುಕೊಂಡು ಹೋದ.

"ಪ್ರಾರ್ಥನೆಯಾ?" ಎಂದು ಕೇಳಿದ.

"ಅಲ್ಲ. ಇಂಗ್ಲಿಷ್."

ಅವನು ಸ್ವಲ್ಪ ಹೊತ್ತು ಕಿವಿಗೊಟ್ಟ. "ನನಗೆ ಇಂಗ್ಲಿಷ್ ಬರುತ್ತೆ. ಇದು ಇಂಗ್ಲಿಷ್ ಥರ ಇಲ್ಲ," ಎಂದ.

ಯುವೆಯನ್ನು ಕೇಳಿದೆ: "ಒಳಗೆ ಕೂತು ಓದಬಾರದಾ?"

"ಕೂಗಿ ಓದದಿದ್ದರೆ ನನ್ನ ಇಂಗ್ಲಿಷ್ ಹಲ್ಲಿನ ಹಿಂದೆಯೇ ಉಳಿದುಬಿಡುತ್ತೆ ಟೀಚರ್," ಎಂದಳು. "ಜನರ ಮುಖ ನೋಡಿದರೆ ಮರೆತುಹೋಗುತ್ತೆ. ಗೋಡೆ ತಪ್ಪು ಹುಡುಕಲ್ಲ."

ನವೆಂಬರಿನಲ್ಲಿ, ಮೇಪಲ್ ಎಲೆಗಳೆಲ್ಲ ಉದುರಿ ಕಾಲ್ದಾರಿಯಲ್ಲಿ ಕೊಳೆತು ಜಾರುತ್ತಿದ್ದ ದಿನಗಳಲ್ಲಿ, ಡೆಬ್ರಾ ಒಂದು ಕೆಲಸ ಕೊಟ್ಟಳು. ಪ್ರತಿಯೊಬ್ಬರೂ ತಮ್ಮ ದೇಶದ ಯಾವುದಾದರೂ ಕಲೆಯ ಬಗ್ಗೆ ಚೀನೀ ಭಾಷೆಯಲ್ಲಿ ಒಂದು ಪ್ಯಾರಾ ಬರೆದು, ಅದನ್ನು ಇಂಗ್ಲಿಷಿಗೆ ತರಬೇಕು. ನನ್ನ ಕೋಣೆಯಲ್ಲಿ, ನನ್ನ ಎದುರು, ಫೋನುಗಳನ್ನು ಬುಟ್ಟಿಗೆ ಹಾಕಿ. ಮುಖ್ಯ ಅಂಕಗಳೆಲ್ಲ ಇದಕ್ಕೇ. ಮಧ್ಯಾಹ್ನ ಹೋಗುವಷ್ಟರಲ್ಲಿ ಕತ್ತಲೆ ಕವಿಯುವ ದಿನ. ಎಲ್ಲರೂ ಬರೆದು ಕೊಟ್ಟು ಹೋದರು.

ಮಾರನೆಯ ದಿನ ಡೆಬ್ರಾ ಎರಡು ಹಾಳೆಗಳನ್ನು ನನ್ನ ಮೇಜಿನ ಮೇಲಿಟ್ಟಳು. ಒಂದು ಯುವೆಯದು, ಒಂದು ಹಾವೊನದು. ಎರಡೂ ಕಾಗದ ಕತ್ತರಿಸಿ ಚಿತ್ರ ಮಾಡುವ ಕಲೆಯ ಬಗ್ಗೆ. ಮೊದಲ ವಾಕ್ಯದಿಂದ ಕೊನೆಯ ವಾಕ್ಯದವರೆಗೆ ಒಂದೇ.

"ಯಾರು ಯಾರದನ್ನು ನೋಡಿ ಬರೆದರು?" ಎಂದು ಕೇಳಿದಳು. "ನೀನಿದ್ದೆಯಲ್ಲ ಅಲ್ಲಿ."

ಇದ್ದೆ. ಇದೇ ಕಷ್ಟ. ನನಗೆ ಆ ಮಧ್ಯಾಹ್ನ ನೆನಪಿದೆ, ಆದರೆ ಎರಡು ಥರ ನೆನಪಿದೆ. ಒಂದರಲ್ಲಿ ಯುವೆ ಕಿಟಕಿಯ ಹತ್ತಿರ, ಹಾವೊ ಬಾಗಿಲ ಹತ್ತಿರ, ಬೆನ್ನಿಗೆ ಬೆನ್ನು. ಇನ್ನೊಂದರಲ್ಲಿ ಅವನು ಅವಳ ಹಿಂದಿನ ಬೆಂಚಿನಲ್ಲಿ, ಅವಳ ಭುಜದ ಮೇಲಿಂದ ಕಾಣುವಷ್ಟು ಹತ್ತಿರ. ಎರಡರಲ್ಲೂ ಹೀಟರ್ ಒಂದೇ ಥರ ಟಿಕ್ ಟಿಕ್ ಎನ್ನುತ್ತದೆ, ಎರಡರಲ್ಲೂ ನಾನು ಕಿತ್ತಳೆ ಸುಲಿಯುತ್ತಿದ್ದೇನೆ. ಸುಳ್ಳು ನೆನಪಿಗೂ ಇಷ್ಟು ಚೆನ್ನಾಗಿ ಹೀಟರ್ ಕೇಳಿಸುತ್ತದೆಂದರೆ ನಿಜವಾದದ್ದನ್ನು ಯಾವುದರಿಂದ ಗುರುತಿಸುವುದು?

ಇಬ್ಬರನ್ನೂ ಬೇರೆ ಬೇರೆ ಕರೆದು ಕೇಳಿದೆ. ಇಬ್ಬರದೂ ಒಂದೇ ಉತ್ತರ, ಅದೂ ಅನುಮಾನಕ್ಕೆ ಎಡೆಮಾಡುವಷ್ಟು ಒಂದೇ. ಚೀನಾದಲ್ಲಿ ಕಾಲೇಜಿನವರೆಲ್ಲ ಬರೆಯುವ ಇಂಗ್ಲಿಷ್ ಪರೀಕ್ಷೆಯಲ್ಲಿ ಅನುವಾದದ ಪ್ರಶ್ನೆ ಇರುತ್ತದೆ. ಅದಕ್ಕೆ ತಯಾರಿ ಪುಸ್ತಕಗಳಲ್ಲಿ ಮಾದರಿ ಉತ್ತರಗಳಿರುತ್ತವೆ. ಚಹಾ, ಸೇತುವೆ, ರೇಲ್ವೆ, ಲಾಟೀನು, ಕಾಗದದ ಕಲೆ. ಗೋಡೆಯ ಮುಂದೆ ಅವರು ಓದುತ್ತಿದ್ದದ್ದು ಅವನ್ನೇ. ಬಾಯಿಪಾಠ ಮಾಡಿದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದನ್ನು ಇಬ್ಬರೂ ಬರೆದಿದ್ದರು.

"ಕೆಲಸ ಕೊಟ್ಟದ್ದು ನೀನೇ ಬರೆಯಲಿ ಅಂತ," ಎಂದೆ ಯುವೆಗೆ.

"ನಾನೇ ಬರೆದೆ. ಪುಸ್ತಕ ಇರಲಿಲ್ಲ, ಫೋನ್ ಇರಲಿಲ್ಲ. ತಲೆಯಿಂದ ಬಂತು."

"ತಲೆಗೆ ಎಲ್ಲಿಂದ ಬಂತು?"

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. "ನಿಮ್ಮ ತಲೆಗೆ ಇಂಗ್ಲಿಷ್ ಎಲ್ಲಿಂದ ಬಂತು ಟೀಚರ್? ಮೈಸೂರಿನಲ್ಲಿ ಮಳೆ ಜೊತೆ ಬಿತ್ತಾ?"

ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು, ಅವಳಿಗೆ ಹೇಳಲಿಲ್ಲ, ಡೆಬ್ರಾಗೆ ಹೇಳಿದೆ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಇಂಗ್ಲಿಷಿನಲ್ಲಿ ಗಿರಿಧಾಮ ಪ್ರವಾಸದ ಪ್ರಬಂಧ ಬಂದೇ ಬರುತ್ತದೆಂದು ಗೈಡ್ ನೋಡಿ ಉರು ಹೊಡೆದಿದ್ದೆವು. ಇಡೀ ಕ್ಲಾಸು ಒಂದೇ ಬಸ್ಸು ಹತ್ತಿ, ಒಂದೇ ಮಂಜು ನೋಡಿ, ಸುಸ್ತಾದರೂ ಸಂತೋಷದಿಂದ ಮನೆಗೆ ಬಂತು. ಯಾರೂ ಯಾರನ್ನೂ ಕಳ್ಳ ಎನ್ನಲಿಲ್ಲ, ಎಲ್ಲರಿಗೂ ಒಳ್ಳೆಯ ಅಂಕ. ಇನ್ನೂ ಒಂದು ವಿಷಯವಿದೆ. ಆ ಬೆಟ್ಟದ ತುದಿಯಲ್ಲಿ ಗಾಳಿಗೆ ನನ್ನ ಚಿತ್ರಾನ್ನದ ಎಲೆ ಹಾರಿಹೋದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಆ ವಯಸ್ಸಿನಲ್ಲಿ ನೀನು ಯಾವ ಬೆಟ್ಟಕ್ಕೂ ಹೋಗಿರಲಿಲ್ಲ ಎನ್ನುತ್ತಾರೆ ಅಪ್ಪ.

ಡೆಬ್ರಾ ಆ ಎರಡು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ಆಮೇಲೆ, ಕೆಟ್ಟ ಮನಸ್ಸಿನಿಂದಲ್ಲ, "ಹಾಗಾದರೆ ನಿನ್ನ ಸಾಕ್ಷಿಯನ್ನು ಎಷ್ಟು ನಂಬಬೇಕು ನಾನು?" ಎಂದಳು.

ವಿಷಯ ಡೀನ್ ಹತ್ತಿರ ಹೋಯಿತು. ನಕಲು ಎಂದು ತೀರ್ಮಾನವಾದರೆ ಅವರ ವಿಶ್ವವಿದ್ಯಾಲಯಕ್ಕೆ ವರದಿ ಹೋಗುತ್ತದೆ, ಅಲ್ಲಿಯೂ ಹೆಸರು ತೆಗೆದುಹಾಕುತ್ತಾರೆ. ಯುವೆಗೆ ಡಿಗ್ರಿ ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ.

ಮನೆಯಲ್ಲಿ ಗಿರೀಶ ರೊಟ್ಟಿ ಮುರಿಯುತ್ತ ಕೇಳಿದ. ನನ್ನ ಗಂಡ ಧಾರವಾಡದವನು, ಮನೆಯೊಳಗೆ ಈಗಲೂ ಅದೇ ಮಾತು.

"ನೀ ನೋಡಿದ್ದೇನು?"

"ಗೊತ್ತಿಲ್ಲ ರೀ."

"ನೋಡಿಲ್ಲ ಅನ್ನೂದು ಬ್ಯಾರೆ, ಗೊತ್ತಿಲ್ಲ ಅನ್ನೂದು ಬ್ಯಾರೆ. ಅಲ್ಲಿ ಹೋಗಿ ಹಿಂಗ ಮಾತಾಡಿದ್ರ ನಿನ್ನ ಮ್ಯಾಲೇ ಸಂಶಯ ಪಡ್ತಾರ."

"ಪಡಲಿ. ನಾನೇ ಪಡ್ತಿದೀನಿ."

"ಅವರಿಬ್ಬರು ಕೂಡಿ ಮಾಡಿರಬೇಕು ಬಿಡು," ಎಂದ. "ಹುಡುಗ ಆ ಹುಡುಗಿ ಕಡೆ ನೋಡೂದು ನೋಡಿಯಿಲ್ಲೋ?"

ನೋಡಿದ್ದೆ. ಹಾವೊ ದಿನಾ ಅವಳಿಗಾಗಿ ಬಾಗಿಲು ಹಿಡಿದು ನಿಲ್ಲುತ್ತಿದ್ದ, ಅವಳು ಬೇಕೆಂದೇ ಇನ್ನೊಂದು ಬಾಗಿಲಿನಿಂದ ಹೋಗುತ್ತಿದ್ದಳು. ಇದರಿಂದ ಏನು ಸಾಬೀತಾಗುತ್ತದೆ? ಯಾವುದು ಬೇಕೋ ಅದು.

ವಿಚಾರಣೆಯ ದಿನ ಮಂಜು ಎಷ್ಟು ಕೆಳಗಿಳಿದಿತ್ತೆಂದರೆ ಹೆದ್ದಾರಿ ಬರೀ ಸದ್ದಾಗಿತ್ತು. ಕಾರು ನಿಲ್ಲಿಸುವ ಕಟ್ಟಡದಲ್ಲಿ ಹಾವೊ ನನಗಾಗಿ ಕಾಯುತ್ತಿದ್ದ.

"ಟೀಚರ್, ನಾನು ಅವಳದನ್ನು ನೋಡಿ ಬರೆದೆ ಅಂತ ಹೇಳ್ತೀನಿ. ನೀವೂ ನೋಡಿದೆ ಅನ್ನಿ. ಕೆಲಸ ಮುಗಿಯಿತು."

"ನಿನ್ನ ಡಿಗ್ರಿ?"

"ಅಪ್ಪನಿಗೆ ಟೈರ್ ಅಂಗಡಿ ಇದೆ. ಟೈರ್ ಡಿಗ್ರಿ ಕೇಳಲ್ಲ."

"ಅವಳಿಗೆ ಗೊತ್ತಾ?"

"ಅವಳು ನನ್ನ ಜೊತೆ ಮಾತಾಡಿದ್ದರೆ ತಾನೇ ಗೊತ್ತಾಗೋದು," ಎಂದು ನಕ್ಕ.

ಎಂಥ ಒಳ್ಳೆಯ ಹುಡುಗ ಎಂದು ಮೊದಲು ಅನಿಸಿತು. ಮೆಟ್ಟಿಲು ಹತ್ತುವಾಗ ಇನ್ನೊಂದು ಯೋಚನೆ ಬಂತು. ಅವನು ನಿಜವಾಗಿಯೂ ನೋಡಿ ಬರೆದಿದ್ದರೆ? ತಪ್ಪೊಪ್ಪಿಗೆಯನ್ನೇ ತ್ಯಾಗದ ಹಾಗೆ ಹೊದಿಸಿ ನನ್ನ ಕೈಗೆ ಕೊಡುತ್ತಿದ್ದರೆ? ಯುವೆ ನೋಡಿ ಬರೆದು, ಅವನು ಅವಳನ್ನು ಮುಚ್ಚುತ್ತಿದ್ದರೆ? ಮಂಜಿನಲ್ಲಿ ನಾನು ಒಂದು ಮಹಡಿ ಜಾಸ್ತಿ ಹತ್ತಿಬಿಟ್ಟು ಮತ್ತೆ ಇಳಿದು ಬಂದೆ.

ಡೀನ್ ದೊಡ್ಡ ಮನುಷ್ಯ, ಮೆಲುದನಿಯವರು. ಮೇಜಿನ ಒಂದು ಕಡೆ ಅವರು ಮತ್ತು ಡೆಬ್ರಾ, ಇನ್ನೊಂದು ಕಡೆ ಯುವೆ ಮತ್ತು ಹಾವೊ, ನಡುವೆ ಒಂದು ಖಾಲಿ ಕುರ್ಚಿ. ನಾನು ಕೊನೆಯಲ್ಲಿ. ಮೊದಲು ನನ್ನನ್ನೇ ಕೇಳಿದರು. ಅವರು ಪಕ್ಕಪಕ್ಕ ಕೂತಿದ್ದರೋ ಇಲ್ಲವೋ ಖಚಿತವಾಗಿ ಹೇಳಲಾರೆ, ನೋಡಿ ಬರೆದದ್ದನ್ನು ನಾನು ಕಂಡಿಲ್ಲ, ಎಂದೆ. ಡೀನ್ ತಲೆಯಾಡಿಸಿದರು, ಕೆಲಸಕ್ಕೆ ಬಾರದ ಉತ್ತರಕ್ಕೆ ಸಭ್ಯರು ತಲೆಯಾಡಿಸುವ ಹಾಗೆ.

ಆಗ ಹಾವೊ ಎದ್ದು ತಾನೇ ನೋಡಿ ಬರೆದೆ ಎಂದ.

ಕೋಣೆಯಲ್ಲಿ ಎಲ್ಲರ ಭುಜಗಳೂ ಇಳಿದವು. ಕಥೆಗೆ ಕೊನೆಗೂ ಒಂದು ಆಕಾರ ಸಿಕ್ಕಿತ್ತು, ಒಬ್ಬ ಕದ್ದವನು, ಒಬ್ಬಳು ಕಳೆದುಕೊಂಡವಳು. ಡೀನ್ ಪೆನ್ನಿನ ಮುಚ್ಚಳ ತೆಗೆದರು. ಯುವೆ ಸುಮ್ಮನಿದ್ದರೆ ಸಾಕಿತ್ತು. ಬಿ ಅಲ್ಲ, ಎ ಬರುತ್ತಿತ್ತು.

"ಸುಳ್ಳು," ಎಂದಳು ಯುವೆ. "ಅವನಿಗೆ ನನ್ನದು ಯಾಕೆ ಬೇಕು? ಅವನಿಗೆ ನನಗಿಂತ ಚೆನ್ನಾಗಿ ಬರುತ್ತೆ."

ಹಾಗೆಂದವಳೇ ಕಣ್ಣು ಮುಚ್ಚಿಕೊಂಡು ಬಾಯಿಪಾಠ ಒಪ್ಪಿಸಲು ಶುರು ಮಾಡಿದಳು. ಕಾಗದದ್ದಲ್ಲ, ಚಹಾದ್ದು. ಹೆದ್ದಾರಿಯ ಸದ್ದಿನ ಮೇಲೆ ಕೇಳಿಸಬೇಕಾದ ದನಿ ಆ ಸಣ್ಣ ಕೋಣೆಯಲ್ಲಿ ಗಾಜು ಅಲುಗುವಷ್ಟು ಜೋರಾಗಿತ್ತು. ಚಹಾ ಮುಗಿದು ಸೇತುವೆಗೆ ಬಂದಳು, ಸೇತುವೆಯ ನಡುವೆ ತಡವರಿಸಿದಳು. ನಿಂತ ಕಡೆಯಿಂದ ಹಾವೊ ಎತ್ತಿಕೊಂಡ. ತಲೆ ತಗ್ಗಿಸಿ, ಇಷ್ಟವಿಲ್ಲದವನ ಹಾಗೆ. ಅವಳು ಮತ್ತೆ ಸೇರಿಕೊಂಡಳು. ಆಮೇಲೆ ಇಬ್ಬರೂ ಒಟ್ಟಿಗೆ, ಉಸಿರು ಎಳೆದುಕೊಳ್ಳುವ ಜಾಗವೂ ಒಂದೇ, ಲಾಟೀನು, ರೇಲ್ವೆ. ಡೀನ್ ಕೈ ಎತ್ತುವವರೆಗೆ ನಿಲ್ಲಿಸಲಿಲ್ಲ.

ಯಾರೂ ಕದ್ದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಾಯಿತು. ಆದರೆ ಡೆಬ್ರಾಗೆ ಸಮಾಧಾನವಾಗಲಿಲ್ಲ. ಅವಳ ಪ್ರಶ್ನೆ ನ್ಯಾಯವಾದದ್ದೇ. "ಇದರಲ್ಲಿ ನಿಮ್ಮದು ಎಲ್ಲಿದೆ? ನಾನು ಅಂಕ ಕೊಡುವುದು ಯಾವುದಕ್ಕೆ?"

ಇನ್ನೊಂದು ಪ್ಯಾರಾ ಕೊಟ್ಟು ಈಗಲೇ ಅನುವಾದ ಮಾಡಿಸೋಣ ಎಂದರು ಡೀನ್. ಆದರೆ ಅವರಿಗಾಗಲಿ ಡೆಬ್ರಾಗಾಗಲಿ ನನಗಾಗಲಿ ಚೀನೀ ಓದಲು ಬರುತ್ತಿರಲಿಲ್ಲ. ಯಾವ ಪ್ಯಾರಾ ಕೊಟ್ಟರೂ ಅದು ಇವರಿಗೆ ಬಾಯಿಪಾಠವಲ್ಲವೆಂದು ಹೇಗೆ ತಿಳಿಯುವುದು? ಕೊನೆಗೆ ಡೆಬ್ರಾ ಹೇಳಿದಳು: "ಇವತ್ತು ಬೆಳಿಗ್ಗೆ ಎದ್ದಾಗಿನಿಂದ ಏನಾಯಿತೋ ಅದನ್ನು ಬರೆಯಿರಿ. ಮೊದಲು ನಿಮ್ಮ ಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಇವತ್ತಿನ ಬೆಳಿಗ್ಗೆ ಯಾವ ಪುಸ್ತಕದಲ್ಲೂ ಇರುವುದಿಲ್ಲ."

ಬರೆದರು. ಹಾವೊ ಬೇಗ ಮುಗಿಸಿದ. ಯುವೆ ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಹಾಳೆಯನ್ನು ಕೈಯಲ್ಲಿ ಮುಚ್ಚಿಕೊಂಡು ಕೂತಳು, ಕೇಳಿದ ಮೇಲೆ ಕೊಟ್ಟಳು.

ಹಾವೊನದು ಮಂಜಿನ ಬಗ್ಗೆ. ಬೆಳಗಿನ ಮಂಜು ಬೆಟ್ಟಗಳನ್ನು ರೇಷ್ಮೆಯ ಹಾಗೆ ಸುತ್ತಿಕೊಂಡಿತ್ತು, ಪ್ರಯಾಣಿಕರು ಭವಿಷ್ಯದ ಕಡೆ ಆತುರದಿಂದ ಸಾಗುತ್ತಿದ್ದರು. ಚೆನ್ನಾಗಿತ್ತು. ಆ ರೇಷ್ಮೆಯನ್ನೂ ಆ ಆತುರವನ್ನೂ ನಾನು ಗೋಡೆಯ ಹತ್ತಿರ ಕೇಳಿದ್ದೆನೇನೋ ಎನಿಸಿತು. ಖಚಿತವಿರಲಿಲ್ಲ. ಯುವೆಯದು ಶೋರ್‌ಲೈನ್ ಎಂಬ ಊರಿನಲ್ಲಿ ಅವಳು ಉಳಿದುಕೊಂಡಿದ್ದ ಮನೆಯ ಒಡತಿಯ ಬಗ್ಗೆ. ಡೆಬ್ರಾ ಅದನ್ನು ಎರಡು ಸಲ ಓದಿದಳು.

ವರದಿ ಹೋಗಲಿಲ್ಲ, ಇಬ್ಬರ ಹೆಸರೂ ಉಳಿಯಿತು. ಆ ಬೆಳಗಿನ ಬರಹಕ್ಕೇ ಅಂಕ ಕೊಟ್ಟರು. ಹಾವೊಗೆ ಬಿ. ಯುವೆಗೆ ಸಿ.

ಅವಳು ಹೊರಡುವ ದಿನ ಶೋರ್‌ಲೈನಿನಿಂದ ವಿಮಾನ ನಿಲ್ದಾಣಕ್ಕೆ ನಾನೇ ಡ್ರೈವ್ ಮಾಡಿದೆ. ಸೂಟ್‌ಕೇಸಿನ ಒಂದು ಚಕ್ರ ಮುರಿದಿತ್ತು. ಮನೆಯ ಒಡತಿ ಬಾಗಿಲಲ್ಲಿ ನಿಂತು ಕೈ ಬೀಸಿದಳು, ಒಳಗೆ ಹೋಗಿ, ಮತ್ತೆ ಬಂದು ಬೀಸಿದಳು.

"ಹಾವೊ ಉಳಿಯುತ್ತಾನಂತಾ?" ಎಂದು ಕೇಳಿದೆ.

"ಅವರಪ್ಪ ಉಳಿ ಅಂದಿದಾರಂತೆ. ಈಗ ಟೈರ್‌ಗೂ ಡಿಗ್ರಿ ಬೇಕಂತೆ." ಅವಳಿಗೆ ನಗು ಬಂತು, ತಡೆದುಕೊಂಡಳು. "ಅವನು ಬರೆದದ್ದು ಗೊತ್ತಲ್ಲ ಟೀಚರ್? ಬೆಟ್ಟದ ಪಾಠದಿಂದ ಒಂದು ವಾಕ್ಯ, ರೇಲ್ವೆ ಪಾಠದಿಂದ ಒಂದು. ಹೊಲಿದು ಕೊಟ್ಟ."

"ನೀನೂ ಹೊಲಿಯಬಹುದಿತ್ತಲ್ಲ."

"ನಿನ್ನದು ಕೊಡು ಅಂದರು. ಕೊಟ್ಟೆ," ಎಂದಳು. ಕಿಟಕಿಯ ಕಡೆ ತಿರುಗಿದಳು. "ನನ್ನದು ಸಿ ಅಂತ ಈಗ ಗೊತ್ತಾಯಿತು. ಮೊದಲು ಗೊತ್ತಿರಲಿಲ್ಲ."

ಏನೋ ಸಮಾಧಾನ ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ, ಅದೊಂದು ನೆನಪಿಲ್ಲದಿರುವುದನ್ನು ಮಾತ್ರ ನಾನು ನಂಬುತ್ತೇನೆ.

ಕಾಗದದ ಕಲೆಯ ಆ ಪ್ಯಾರಾ ಇವತ್ತಿಗೂ ನನಗೆ ಒಂದಕ್ಷರ ತಪ್ಪದೆ ಬರುತ್ತದೆ. ಅವಳ ಬೆಳಗಿನದ್ದನ್ನು ಒಂದೇ ಸಲ, ಡೆಬ್ರಾಳ ಭುಜದ ಮೇಲಿಂದ ಓದಿದ್ದೆ. ಮನೆಯ ಒಡತಿ ಬ್ರೆಡ್ ಸುಟ್ಟಳು, ಹೊಗೆಯ ಅಲಾರಂ ಅತ್ತಿತು, ಯುವೆ ಟವೆಲ್ ಬೀಸಿದಳು, ಇಬ್ಬರೂ ಒಟ್ಟಿಗೆ ಏನೇನೋ ಹೇಳಿದರು, ಒಬ್ಬರದು ಒಬ್ಬರಿಗೆ ಕೇಳಿಸಲಿಲ್ಲ, ಅವರಿಬ್ಬರೂ ಅತಿ ಹೆಚ್ಚು ಮಾತಾಡಿದ ದಿನ ಅದು. ಇದಿಷ್ಟೂ ಅವಳ ಇಂಗ್ಲಿಷಿನಲ್ಲಿ ಮುರಿದು ಮುರಿದು ಇತ್ತು. ಕ್ರಿಯಾಪದಗಳು ಎಲ್ಲೆಂದರಲ್ಲಿ ನಿಂತಿದ್ದವು, ಒಂದು ಕಡೆ ಅಲಾರಂ ಬ್ರೆಡ್ಡನ್ನು ಸುಟ್ಟ ಹಾಗಿತ್ತು. ಅದನ್ನು ಇದ್ದ ಹಾಗೇ ನೆನಪಿಗೆ ತಂದುಕೊಳ್ಳಬೇಕೆಂದು ಫೆರಿಯ ಮೇಲೆ ಕೂತು ಪ್ರಯತ್ನಿಸಿದೆ. ಬರಲಿಲ್ಲ. ನೆನಪು ಮಾಡಿಕೊಂಡಷ್ಟು ಸಲವೂ ನಾನು ಅದನ್ನು ಸ್ವಲ್ಪ ಸ್ವಲ್ಪ ತಿದ್ದುತ್ತ ಬಂದಿದ್ದೇನೆ. ಈಗ ನನ್ನ ತಲೆಯಲ್ಲಿ ಇರುವುದಕ್ಕೆ ಯಾವ ಮೇಷ್ಟ್ರಾದರೂ ಎ ಕೊಡುತ್ತಾರೆ. ಅದರಲ್ಲಿ ಅವಳದು ಏನೂ ಉಳಿದಿಲ್ಲ.